ಹಣ್ಣಾಗಿ ಹೋದ ದೊರೆ

ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಲಾಂಛನ ಬೇಕೆಂದರೆ ಕಲಾವಿದರಿಗೆ ಥಟ್ಟನೆ ಹೊಳೆಯುವುದು ಲೇಖನಿ ಅಥವಾ ತುಂಡಾದ ಸರಪಳಿ. ಆದರೆ 1830ರ ದಶಕದ ಪ್ಯಾರಿಸ್ಸಿನಲ್ಲಿ ಆ ಸ್ಥಾನ ದಕ್ಕಿದ್ದು ಪೇರ್ ಹಣ್ಣಿಗೆ. ನಮ್ಮಲ್ಲಿ ಮರಸೇಬು ಎನ್ನುವ ಹಣ್ಣಿಗೆ.

1830ರ ಜುಲೈ ಕ್ರಾಂತಿಯಿಂದ ಪಟ್ಟಕ್ಕೆ ಬಂದವನು ಲೂಯಿ ಫಿಲಿಪ್. ಪತ್ರಿಕೆಗಳಿಗೆ ಸೆನ್ಸಾರ್ ಇನ್ನೆಂದೂ ಇಲ್ಲವೆಂದು ಆ ವರ್ಷದ ಸಂವಿಧಾನ ಸಾರಿತು. ಆದರೂ ವ್ಯಂಗ್ಯಚಿತ್ರಗಳ ಮೇಲೆ ಮೊಕದ್ದಮೆಗಳು ನಿಲ್ಲಲಿಲ್ಲ. ‘ಲಾ ಕಾರಿಕಾಚ್ಯೂರ್’ ವಾರಪತ್ರಿಕೆಯ ಸ್ಥಾಪಕ ಶಾರ್ಲ್ ಫಿಲಿಪೋನ್ 1831ರ ನವೆಂಬರಿನಲ್ಲಿ, ದೊರೆಯನ್ನು ಅವಮಾನಿಸಿದ ಆರೋಪದ ಮೇಲೆ ಕಟಕಟೆ ಏರಿದ.

ಅಲ್ಲಿ ಆತ ನಾಲ್ಕು ಚಿತ್ರಗಳಿಂದ ವಾದ ಹೂಡಿದ. ಮೊದಲನೆಯದು ದೊರೆಯ ಮುಖ. ಎರಡು, ಮೂರರಲ್ಲಿ ಗಲ್ಲ ಉಬ್ಬಿ ನೆತ್ತಿ ಚೂಪಾಯಿತು. ನಾಲ್ಕನೆಯದು ಬರೀ ಹಣ್ಣು. ಹೋಲಿಕೆಯೇ ಅಪರಾಧವಾದರೆ ಹಣ್ಣನ್ನೂ ಶಿಕ್ಷಿಸಬೇಕಲ್ಲವೇ ಎಂಬುದು ಅದರ ತಾತ್ಪರ್ಯ. ನ್ಯಾಯಾಲಯ ಒಪ್ಪಲಿಲ್ಲ, ಆರು ತಿಂಗಳ ಸೆರೆವಾಸ, 2,000 ಫ್ರಾಂಕ್ ದಂಡ ವಿಧಿಸಿತು.

ಫಿಲಿಪೋನ್ ಜೈಲು ಸೇರಿದರೂ ಹಣ್ಣು ಬೀದಿಗೆ ಬಂತು. ನಾಲ್ಕು ಗೆರೆ ಎಳೆಯಬಲ್ಲ ಯಾರಿಗೂ ಅದನ್ನು ಬರೆಯುವುದು ಸುಲಭವಾಗಿತ್ತು. ಪ್ಯಾರಿಸ್ಸಿನ ಗೋಡೆಗಳಲ್ಲಿ ಅದು ಮೂಡತೊಡಗಿತು.

ಸರ್ಕಾರ 1835ರ ಸೆಪ್ಟೆಂಬರಿನಲ್ಲಿ ಹೊಸ ಕಾನೂನು ತಂದಿತು. ಬರಹ ಅಭಿಪ್ರಾಯ, ಚಿತ್ರ ಮಾತ್ರ ಕೃತ್ಯ ಎಂಬ ವಾದ ಮುಂದಿಟ್ಟು, ಪ್ರತಿ ಚಿತ್ರಕ್ಕೂ ಪೂರ್ವಾನುಮತಿ ಕಡ್ಡಾಯ ಮಾಡಿತು. ಓದುಬಾರದವರಿಗೂ ಚಿತ್ರ ತಲುಪುತ್ತದೆಂಬುದೇ ಅದರ ಭಯ.

ಲೂಯಿ ಫಿಲಿಪ್ 1848ರಲ್ಲಿ ಪದಚ್ಯುತನಾದ. ಫ್ರಾನ್ಸಿನಲ್ಲಿ ಚಿತ್ರಗಳ ಮೇಲಿನ ಸೆನ್ಸಾರ್ ಅಂತಿಮವಾಗಿ ರದ್ದಾಗಲು 1881ರ ಪತ್ರಿಕಾ ಕಾನೂನು ಬರಬೇಕಾಯಿತು. ಅಷ್ಟರಲ್ಲಿ ದೊರೆಯ ಗಂಭೀರ ಭಾವಚಿತ್ರಗಳಿಗಿಂತ ಆ ಹಣ್ಣೇ ಹೆಚ್ಚು ಜನರ ನೆನಪಿನಲ್ಲಿ ನಿಂತಿತ್ತು.