ಕೈಯೊಳಗಿನ ಉಕ್ಕು, ದ್ವೀಪದ ಹೆಸರು

ಸ್ಟೀಲ್ ಗಿಟಾರ್ ಎಂದ ಕೂಡಲೇ ಅದರ ಮೈ ಉಕ್ಕಿನದಿರಬೇಕು, ಇಲ್ಲವೇ ತಂತಿಗಳಾದರೂ ಉಕ್ಕಿನವಿರಬೇಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಹೆಸರು ಬಂದದ್ದು ಅವೆರಡರಿಂದಲೂ ಅಲ್ಲ. ಮೊದಲ ಸ್ಟೀಲ್ ಗಿಟಾರುಗಳ ಮೈ ಮರದ್ದೇ. ಉಕ್ಕು ಇರುವುದು ನುಡಿಸುವವರ ಕೈಯಲ್ಲಿ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಬೆರಳಿನಿಂದ ತಂತಿಯನ್ನು ಅದುಮುವ ಬದಲು ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತಾರೆ. ಆಗ ನಾದ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರದೆ ತೇಲಿಕೊಂಡು ಹೋಗುತ್ತದೆ. ಗೋಟುವಾದ್ಯ ಅಥವಾ ವಿಚಿತ್ರವೀಣೆ ಕೇಳಿದವರಿಗೆ ಈ ಜಾರು ಹೊಸದಲ್ಲ.

ಹವಾಯಿ ದ್ವೀಪಗಳಿಗೆ ಗಿಟಾರ್ ಬಂದದ್ದು 19ನೆಯ ಶತಮಾನದಲ್ಲಿ. ದನ ಮೇಯಿಸುವುದನ್ನು ಕಲಿಸಲು ಬಂದ ಮೆಕ್ಸಿಕನ್ ಗೋಪಾಲಕರು ಅದನ್ನು ತಂದರೆಂದು ಹೇಳುತ್ತಾರೆ. ಉಕ್ಕಿನಿಂದ ನುಡಿಸುವ ಕ್ರಮವನ್ನು ರೂಪಿಸಿದ ಹೆಗ್ಗಳಿಕೆ ಸಾಮಾನ್ಯವಾಗಿ ಸಲ್ಲುವುದು 1874ರಲ್ಲಿ ಓಆಹು ದ್ವೀಪದಲ್ಲಿ ಹುಟ್ಟಿದ ಜೋಸೆಫ್ ಕೆಕುಕುಗೆ. ಹುಡುಗನಾಗಿದ್ದಾಗಲೇ ಆತ ಇದನ್ನು ಕಂಡುಕೊಂಡನಂತೆ. ಭಾರತದಲ್ಲಿ ಹುಟ್ಟಿ ಹೊನೊಲುಲು ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತನ ಹೆಸರನ್ನೂ ಕೆಲವು ಹಳೆಯ ಹೇಳಿಕೆಗಳು ಎತ್ತುತ್ತವೆ. ಹವಾಯಿಯವರು ವಾದ್ಯಕ್ಕೆ ಇಟ್ಟ ಹೆಸರು ‘ಕೀಕಾ ಕಿಲಾ’. ಕೀಕಾ ಎಂದರೆ ಗಿಟಾರ್, ಕಿಲಾ ಎಂದರೆ ಉಕ್ಕು. ಎರಡೂ ಹೊರಗಿನ ಪದಗಳೇ, ಆದರೆ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡವು.

ಹಾಗಾದರೆ ‘ಹವಾಯಿಯನ್ ಗಿಟಾರ್’ ಎಂಬ ಹೆಸರು? ತಮ್ಮ ಊರಿನ ವಾದ್ಯವನ್ನು ಊರಿನ ಹೆಸರು ಹೇಳಿ ಗುರುತಿಸಬೇಕಾದ ಅಗತ್ಯ ಊರಿನವರಿಗಿಲ್ಲ. ಆ ಅಗತ್ಯ ಬೀಳುವುದು ಹೊರಗಿನವರಿಗೆ. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಲಾಯಿತು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಕೆಕುಕು 1904ರಲ್ಲಿ ಅಮೆರಿಕದ ಮುಖ್ಯಭೂಮಿಗೆ ಹೊರಟ. 1915ರ ಸ್ಯಾನ್ ಫ್ರಾನ್ಸಿಸ್ಕೋ ಅಂತಾರಾಷ್ಟ್ರೀಯ ಪ್ರದರ್ಶನದಲ್ಲಿ ಹವಾಯಿ ಮಂಟಪದ ಸಂಗೀತಕ್ಕೆ ಜನ ಮುಗಿಬಿದ್ದರು. ನ್ಯೂಯಾರ್ಕಿನ ಹಾಡು ಬರೆಯುವವರು ಹವಾಯಿ ಮಾತಿನಂತೆ ಕೇಳಿಸುವ, ಅರ್ಥವೇ ಇಲ್ಲದ ಶಬ್ದಗಳನ್ನು ಸೇರಿಸಿ ಹಾಡು ಕಟ್ಟಿದರು. ಶಾಲೆಯಲ್ಲಿ ಜಾಗ ಕಳೆದುಕೊಂಡ ಭಾಷೆಯ ಅಣಕು ಅಂಗಡಿಯಲ್ಲಿ ಮಾರಾಟವಾಯಿತು.

ಆ ಹೆಸರಿನ ಬಲ ಎಷ್ಟಿತ್ತೆಂದರೆ, ಎದೆಗಾನಿಸಿ ನುಡಿಸುವ ಮಾಮೂಲಿ ಗಿಟಾರಿಗೂ ಬೇರೆ ಗುರುತು ಬೇಕಾಗಿ ಅದು ‘ಸ್ಪ್ಯಾನಿಷ್ ಗಿಟಾರ್’ ಆಯಿತು. ಗಿಬ್ಸನ್ ಕಂಪನಿಯ 1936ರ ಇಎಸ್-150 ಗಿಟಾರಿನ ಇಎಸ್ ಎಂದರೆ ಎಲೆಕ್ಟ್ರಿಕ್ ಸ್ಪ್ಯಾನಿಷ್. ಅದರ ಜೊತೆಗಾರ ಇಎಚ್ ಎಂದರೆ ಎಲೆಕ್ಟ್ರಿಕ್ ಹವಾಯಿಯನ್. ಅದಕ್ಕೂ ಮೊದಲೇ, 1932ರಲ್ಲಿ, ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರಿನ ರಿಕೆನ್‌ಬ್ಯಾಕರ್ ವಿದ್ಯುತ್ ಗಿಟಾರ್ ಮಾರುಕಟ್ಟೆಗೆ ಬಂದಿತ್ತು. ಅದೂ ಹವಾಯಿಯನ್ ಗಿಟಾರೇ, ಮೈ ಮಾತ್ರ ಅಲ್ಯೂಮಿನಿಯಂ. ಕೆಕುಕು ನ್ಯೂಜೆರ್ಸಿಯಲ್ಲಿ ತೀರಿಕೊಂಡದ್ದೂ ಅದೇ ವರ್ಷ.

ಮುಂದೆ ಅಮೆರಿಕದ ಕಂಟ್ರಿ ಸಂಗೀತ ಈ ವಾದ್ಯವನ್ನು ತನ್ನದಾಗಿಸಿಕೊಂಡಿತು. ಕಾಲಲ್ಲಿ ಒತ್ತುವ ಪೆಡಲುಗಳು ಬಂದವು. ಹವಾಯಿಯ ಮೋಹ ಇಳಿದಂತೆ ಹೆಸರಿನಿಂದ ಹವಾಯಿಯೂ ಜಾರಿ ‘ಪೆಡಲ್ ಸ್ಟೀಲ್’ ಎಂಬುದಷ್ಟೇ ಉಳಿಯಿತು. ಭಾರತದಲ್ಲಿ ‘ಹವಾಯಿಯನ್ ಗಿಟಾರ್’ ಎಂಬ ಹೆಸರು ಹೆಚ್ಚು ಕಾಲ ಬಾಳಿತು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ಟರು ತಂತಿಗಳನ್ನು ಹೆಚ್ಚಿಸಿ, ಮಾರ್ಪಡಿಸಿ, ‘ಮೋಹನ ವೀಣೆ’ ಎಂದು ಕರೆದರು. 1994ರಲ್ಲಿ ಅವರಿಗೆ ಗ್ರ್ಯಾಮಿ ಬಂತು.

ವಾದ್ಯ ಬದಲಾದಾಗ ಹೆಸರು ಬದಲಾಗುವುದು ಸಹಜ. ಆದರೆ ಹವಾಯಿಯ ಹೆಸರು ಬಂದದ್ದೂ ಹೋದದ್ದೂ ಹವಾಯಿಯವರನ್ನು ಕೇಳಿಯಲ್ಲ. ಅವರು ಇಟ್ಟ ಹೆಸರು ಕೈಯ ಕೆಲಸವನ್ನು ಮಾತ್ರ ಹೇಳುತ್ತಿತ್ತು. ಪೆಡಲ್ ಸ್ಟೀಲ್ ಎನ್ನುವಾಗ ಇಂದಿಗೂ ಉಳಿದಿರುವುದು ಆ ‘ಕಿಲಾ’ವೇ, ಇಂಗ್ಲಿಷಿನ ವೇಷದಲ್ಲಿ.