ಮರುಗಾನವು ಮೂಲಗಾನವನ್ನು ಮೀರಬಲ್ಲುದೆ?

ಒಬ್ಬರು ಹಾಡಿ ಧ್ವನಿಮುದ್ರಿಕೆಯಲ್ಲಿ ನೆಲೆಗೊಳಿಸಿದ ಹಾಡನ್ನು ಮತ್ತೊಬ್ಬರು ತಮ್ಮ ಕಂಠದಲ್ಲಿ, ತಮ್ಮ ವಾದ್ಯಮೇಳದೊಡನೆ ಪುನಃ ಹಾಡಿ ಮುದ್ರಿಸುವುದುಂಟು. ಪಾಶ್ಚಾತ್ಯ ಸಂಗೀತವ್ಯಾಪಾರದಲ್ಲಿ ಇದಕ್ಕೆ 'ಕವರ್' ಎಂದು ಹೆಸರು. ನಾವು ಇದನ್ನು ಮರುಗಾನವೆಂದು ಕರೆಯೋಣ. ಇಂಥ ಮರುಗಾನವು ಮೂಲವನ್ನು ಮೀರಬಲ್ಲುದೆ ಎಂಬ ಪ್ರಶ್ನೆ ಸಂಗೀತಪ್ರಿಯರು ಕಲೆತಲ್ಲೆಲ್ಲ ಏಳುತ್ತದೆ. ಸ್ವಲ್ಪ ಹೊತ್ತು ವಾದ ನಡೆಯುತ್ತದೆ. ಕೊನೆಗೆ ರುಚಿ ಒಬ್ಬೊಬ್ಬರದು ಒಂದೊಂದು ಎಂದು ಹೇಳಿ ಎಲ್ಲರೂ ಎದ್ದುಹೋಗುತ್ತಾರೆ. ಆದರೆ ಇದು ಬರಿಯ ರುಚಿಯ ಪ್ರಶ್ನೆಯಲ್ಲ. ಇದಕ್ಕೊಂದು ಚರಿತ್ರೆಯುಂಟು; ಆ ಚರಿತ್ರೆಯಲ್ಲಿ ಕಲೆಯ ಜೊತೆಗೆ ಕಾಯಿದೆ, ಹಣ, ವರ್ಣಭೇದ ಮತ್ತು ನ್ಯಾಯಾನ್ಯಾಯಗಳು ಹೆಣೆದುಕೊಂಡಿವೆ. ಅದನ್ನು ಅರಿತ ಮೇಲೆ ತೀರ್ಪು ಹೇಳುವುದು ಲೇಸು.

ಮೊದಲು 'ಮೂಲ'ವೆಂದರೆ ಏನೆಂಬುದನ್ನು ನಿಷ್ಕರ್ಷಿಸಿಕೊಳ್ಳಬೇಕು. 1877ರಲ್ಲಿ ಎಡಿಸನ್ನನ ಫೋನೋಗ್ರಾಫ್ ಯಂತ್ರ ಹುಟ್ಟುವುದಕ್ಕೆ ಮುಂಚೆ ಯಾವ ಹಾಡಿಗೂ ಮೂಲಗಾನವೆಂಬುದು ಉಳಿಯುವಂತೆಯೇ ಇರಲಿಲ್ಲ. ಹಾಡಿದ ಧ್ವನಿ ಆ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತಿತ್ತು. ಉಳಿಯುತ್ತಿದ್ದುದು ಸಾಹಿತ್ಯ, ಹೆಚ್ಚೆಂದರೆ ಸ್ವರಲಿಪಿ. ಪುರಂದರದಾಸರು ತಮ್ಮ ದೇವರನಾಮಗಳನ್ನು ಯಾವ ಧಾಟಿಯಲ್ಲಿ ಹಾಡಿದರೋ ಅದು ಬಹುಮಟ್ಟಿಗೆ ನಮಗೆ ದಕ್ಕಿಲ್ಲ. ಇಂದು ನಾವು ಕೇಳುವ ಧಾಟಿಗಳಲ್ಲಿ ಎಷ್ಟೋ ಪಾಲು ಅನಂತರದ ಗಾಯಕರು ಕೂಡಿಸಿದವು. ಆದುದರಿಂದ ದಾಸರ ಪದಗಳನ್ನು ಹಾಡುವವರೆಲ್ಲರೂ ಮರುಗಾಯಕರೇ. ಆದರೂ ಅವರನ್ನು ಮೂಲದೊಡನೆ ತೂಗಿನೋಡಲು ನಮ್ಮ ತಕ್ಕಡಿಗೆ ಇನ್ನೊಂದು ತಟ್ಟೆಯೇ ಇಲ್ಲ.

ಯಂತ್ರವು ಆ ಇನ್ನೊಂದು ತಟ್ಟೆಯನ್ನು ಒದಗಿಸಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದಾಗ, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲೀಷಿನಲ್ಲಿ ಸಾರಿ ಹೇಳುತ್ತಿದ್ದರು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗುತ್ತಿದ್ದುವು. ಧ್ವನಿ ಯಾರದೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಷ್ಟೆ. ಈ ಗಾಯಕಿ ಕೊನೆಗೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಇಲ್ಲಿಯೇ ತೀರಿಕೊಂಡರು. ಆ ಪುಟ್ಟ ಘೋಷಣೆಯಲ್ಲಿ ಒಂದು ಹೊಸ ಯುಗದ ಸೂಚನೆಯಿತ್ತು. ಹಾಡಿಗೆ ಕರ್ತೃ ಇರುವಂತೆ ಇನ್ನು ಮೇಲೆ ಹಾಡಿದ ಧ್ವನಿಗೂ ಒಡೆತನ ಏರ್ಪಟ್ಟಿತು. ಒಡೆತನದೊಡನೆ ವ್ಯಾಜ್ಯವೂ ಬಂತು.

ವ್ಯಾಜ್ಯದ ಮೊದಲ ಘಟ್ಟ ಅಮೆರಿಕಾದ ನ್ಯಾಯಾಲಯದಲ್ಲಿ ನಡೆಯಿತು. ತಾನಾಗಿ ನುಡಿಯುವ ಪಿಯಾನೋಗಳಿಗೆ ರಂಧ್ರ ಕೊರೆದ ಕಾಗದದ ಸುರುಳಿಗಳನ್ನು ಮಾರುತ್ತಿದ್ದವರು, ಕರ್ತೃವಿಗೆ ಏನನ್ನೂ ಕೊಡಬೇಕಾಗಿಲ್ಲವೆಂದು 1908ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಕಣ್ಣಿನಿಂದ ಓದಲಾಗದ ಸುರುಳಿ ಗ್ರಂಥದ ಪ್ರತಿಯಲ್ಲವೆಂಬುದು ತರ್ಕ. ಮರುವರ್ಷವೇ ಶಾಸನಸಭೆ ಇದನ್ನು ತಿದ್ದಿತು. 1909ರ ಕಾಯಿದೆಯ ಪ್ರಕಾರ, ಕರ್ತೃ ಒಮ್ಮೆ ತನ್ನ ಹಾಡನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ, ಬೇರೆ ಯಾರು ಬೇಕಾದರೂ ಪ್ರತಿಯೊಂದಕ್ಕೆ 2 ಸೆಂಟಿನಂತೆ ತೆತ್ತು ಅದನ್ನು ಮುದ್ರಿಸಬಹುದು, ಅವನು ಬೇಡವೆನ್ನುವಂತಿಲ್ಲ. ಮರುಗಾನವೆಂಬ ಮಹಾವೃಕ್ಷ ಈ ಬೀಜದಿಂದ ಬೆಳೆದದ್ದು. ನಮ್ಮ ದೇಶದಲ್ಲಿಯೂ 1957ರ ಕಾಯಿದೆ ಇಂಥ ಅವಕಾಶವನ್ನಿತ್ತಿತು. 2012ರ ತಿದ್ದುಪಡಿ, ಒಡೆಯನ ಒಪ್ಪಿಗೆಯಿಲ್ಲದೆ ಮರುಗಾನ ಮಾಡುವವರು ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಾಯಬೇಕೆಂದೂ, ಅದು ಮರುಗಾನವೆಂದು ಹೊದಿಕೆಯ ಮೇಲೆ ತಿಳಿಸಬೇಕೆಂದೂ ವಿಧಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅಮೆರಿಕಾದ ಆ ಕಾಯಿದೆ ಕಾಪಾಡಿದ್ದು ಹಾಡನ್ನು ಬರೆದವನನ್ನು; ಮೊದಲು ಹಾಡಿದವನನ್ನಲ್ಲ.

ಇದರ ಪರಿಣಾಮ ಎಷ್ಟು ಕಠಿಣವಾಗಬಹುದೆಂಬುದಕ್ಕೆ 'ಹೌಂಡ್ ಡಾಗ್' ಎಂಬ ಹಾಡಿನ ಕಥೆ ಸಾಕು. 1952ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ವಿಲ್ಲಿ ಮೇ ಥಾರ್ನ್‌ಟನ್ ಎಂಬ ಕಪ್ಪುವರ್ಣದ ಗಾಯಕಿ ಇದನ್ನು ಹಾಡಿದಳು. ಬರೆದುಕೊಟ್ಟವರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್. ಇಬ್ಬರಿಗೂ ಆಗ 19 ವರ್ಷ. ಹೆಣ್ಣಿನ ಅನ್ನ ತಿಂದು ಅಲೆಯುವ ನಿಷ್ಪ್ರಯೋಜಕ ಗಂಡಸನ್ನು ಮನೆಯಿಂದ ಹೊರಗೆ ಅಟ್ಟುವ ಹೆಂಗಸಿನ ಮಾತು ಅದು. ಆಕೆಯ ಕಂಠದಲ್ಲಿ ಕೋಪವಿದೆ, ಕುಚೋದ್ಯವಿದೆ, ಯಾರಿಗೂ ತಲೆಬಾಗದ ಠೀವಿಯಿದೆ. 1953ರಲ್ಲಿ ಮುದ್ರಿಕೆ ಹೊರಬಂದು, ಕಪ್ಪುಜನರ ಸಂಗೀತಕ್ಕೆಂದು ಪ್ರತ್ಯೇಕವಾಗಿದ್ದ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಅನಂತರ ಲಾಸ್ ವೇಗಾಸಿನ ವಿನೋದಗೋಷ್ಠಿಗಳಲ್ಲಿ ಹಾಡುತ್ತಿದ್ದ ಒಂದು ತಂಡ ಅದರ ಮಾತುಗಳನ್ನು ಬದಲಾಯಿಸಿ, ಗಂಡಸಿನ ಜಾಗದಲ್ಲಿ ನಿಜವಾದ ನಾಯಿಯನ್ನೇ ತಂದು ಕೂರಿಸಿತು. ಎಲ್ವಿಸ್ ಪ್ರೀಸ್ಲಿ ಎತ್ತಿಕೊಂಡದ್ದು ಈ ಬದಲಾದ ಪಾಠವನ್ನು. 1956ರಲ್ಲಿ ಆತನ ಮುದ್ರಿಕೆ 11 ವಾರ ಅಗ್ರಸ್ಥಾನದಲ್ಲಿದ್ದು ಲೋಕವಿಖ್ಯಾತವಾಯಿತು. ಥಾರ್ನ್‌ಟನ್ ತನಗೆ ಬಂದದ್ದು 500 ಡಾಲರಿನ ಒಂದೇ ಚೆಕ್ಕೆಂದು ಹೇಳುತ್ತಿದ್ದಳು.

ಇಲ್ಲಿ ಮರುಗಾನ ಮೂಲವನ್ನು ಮೀರಿತೆ? ಮಾರಾಟದಲ್ಲಿ ಮೀರಿತೆಂಬುದರಲ್ಲಿ ಸಂದೇಹವಿಲ್ಲ. ಪ್ರೀಸ್ಲಿಯ ಹಾಡಿನಲ್ಲಿ ವೇಗವಿದೆ, ಯೌವನದ ಹುರುಪಿದೆ. ಆದರೆ ಹಾಡಿನ ಅರ್ಥವೇ ಜಾರಿಹೋಗಿದೆ. ಬೈಗುಳಕ್ಕೆ ಗುರಿಯಾದವನೇ ಮಾಯವಾದ ಮೇಲೆ ಬೈಗುಳದ ಬಿಸಿ ಎಲ್ಲಿಂದ ಬರಬೇಕು? 'ಕವರ್' ಎಂಬ ಶಬ್ದಕ್ಕೆ ಆ ಕಾಲದ ವ್ಯಾಪಾರಿಗಳು ಕೊಟ್ಟಿದ್ದ ಅರ್ಥವೂ ಇಂಥದ್ದೇ: ಒಂದು ಕಂಪನಿಯ ಹಾಡು ಗೆಲ್ಲುತ್ತಿದೆಯೆಂದು ಕಂಡೊಡನೆ ಮತ್ತೊಂದು ಕಂಪನಿ ಅದೇ ಹಾಡನ್ನು ತನ್ನವರಿಂದ ಹಾಡಿಸಿ ಪೇಟೆಗೆ ಬಿಡುವುದು. ಕಪ್ಪುಜನರ ಹಾಡನ್ನು ಬಿಳಿಯರ ಮನೆಗಳಿಗೆ ಒಗ್ಗುವಂತೆ ಬಿಳಿಯ ಗಾಯಕರಿಂದ ಹಾಡಿಸುವ ಪರಿಪಾಠ 1950ರ ದಶಕದಲ್ಲಿ ಎಲ್ಲೆಲ್ಲಿಯೂ ಇತ್ತು. ಇಂಥ ಗೆಲವು ಹಾಡಿನ ಗೆಲವಲ್ಲ, ಬಾಗಿಲುಗಳ ಗೆಲವು. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿತ್ತು.

ಹಾಗೆಂದು ಎಲ್ಲ ಮರುಗಾನವನ್ನೂ ಕಳ್ಳಮಾಲೆಂದು ತಳ್ಳುವುದು ಸರಿಯಲ್ಲ. ನಿಜವಾಗಿ ಮೂಲವನ್ನು ಮೀರಿದ ಮರುಗಾನಗಳುಂಟು. ಅವುಗಳಲ್ಲಿ ಅಗ್ರಗಣ್ಯವಾದದ್ದು 'ರೆಸ್ಪೆಕ್ಟ್'. ಓಟಿಸ್ ರೆಡ್ಡಿಂಗ್ 1965ರಲ್ಲಿ ಇದನ್ನು ತಾನೇ ಬರೆದು ಹಾಡಿದ. ದುಡಿದು ಹಣ ತಂದು ಮನೆಗೆ ಬರುವ ಗಂಡಸು ತನಗೆ ಸಲ್ಲತಕ್ಕ ಮರ್ಯಾದೆಯನ್ನು ಹೆಂಡತಿಯಿಂದ ಬೇಡುತ್ತಾನೆ. ಹಾಡು ಬಿರುಸಾಗಿದೆ, ಸೊಗಸಾಗಿದೆ. 1967ರ ಫೆಬ್ರವರಿ 14ರಂದು ನ್ಯೂಯಾರ್ಕಿನಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನು ಹಾಡಿದಾಗ ಆಕೆಗೆ 24 ವರ್ಷ. ಮಾತುಗಳಲ್ಲಿ ಬದಲಾವಣೆ ಸ್ವಲ್ಪವೇ. ಆದರೆ ಹೇಳುವವರು ಬದಲಾದರು. ಬೇಡುತ್ತಿದ್ದವನ ಜಾಗದಲ್ಲಿ ಕೇಳಿ ಪಡೆಯುವವಳು ನಿಂತಳು. ಮರ್ಯಾದೆಯೆಂಬ ಶಬ್ದವನ್ನು ಮರೆತ ಶಿಷ್ಯನಿಗೆ ಉಪಾಧ್ಯಾಯಿನಿ ಕಲಿಸುವಂತೆ ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ ಭಾಗ ಮೂಲದಲ್ಲಿಲ್ಲ; ಅದು ಫ್ರಾಂಕ್ಲಿನ್ನಳ ಸೇರ್ಪಡೆ. ಹಿಂದೆ ನಿಂತು ಉತ್ತರ ಕೊಡುವ ಕಂಠಗಳಲ್ಲಿ ಆಕೆಯ ಸೋದರಿಯರ ಕಂಠಗಳುಂಟು. ಹಾಡು ಆ ವರ್ಷದ ಜೂನಿನಲ್ಲಿ ಅಗ್ರಸ್ಥಾನಕ್ಕೇರಿತು. ಸ್ತ್ರೀಯರ ಮತ್ತು ಕಪ್ಪುಜನರ ಹಕ್ಕಿನ ಹೋರಾಟಗಳಿಗೆ ಅದು ಘೋಷವಾಯಿತು. ಅದೇ ತಿಂಗಳು ಮಾಂಟರೇ ಸಂಗೀತೋತ್ಸವದಲ್ಲಿ ರೆಡ್ಡಿಂಗ್, ಒಬ್ಬ ಹುಡುಗಿ ಈ ಹಾಡನ್ನು ತನ್ನಿಂದ ಕಸಿದುಕೊಂಡಳೆಂದು ನಗುತ್ತ ಹೇಳಿ ತಾನೂ ಅದನ್ನು ಹಾಡಿದ. ಡಿಸೆಂಬರಿನಲ್ಲಿ ವಿಮಾನಾಪಘಾತದಿಂದ ಮೃತನಾದಾಗ ಆತನಿಗೆ 26 ವರ್ಷ.

ಮೂಲಕರ್ತೃವೇ ಸೋಲನ್ನು ಹೀಗೆ ಸಂತೋಷದಿಂದ ಒಪ್ಪಿಕೊಂಡ ಮೇಲೆ ನಾವು ವಾದಿಸಬೇಕಾದುದಿಲ್ಲ. ಆದರೆ ಕಾಯಿದೆಯ ವಿಚಿತ್ರವನ್ನು ನೋಡಬೇಕು. ಅಮೆರಿಕಾದ ರೇಡಿಯೋ ನಿಲಯಗಳು ಹಾಡನ್ನು ಪ್ರಸಾರಮಾಡಿದಾಗ ಹಣ ತೆರುವುದು ಕರ್ತೃವಿನ ಕಡೆಗೆ, ಗಾಯಕನಿಗಲ್ಲ. ಫ್ರಾಂಕ್ಲಿನ್ನಳ ಧ್ವನಿ ಎಷ್ಟು ಸಹಸ್ರ ಸಲ ಗಾಳಿಯಲ್ಲಿ ತೇಲಿತೋ ಅಷ್ಟು ಸಲವೂ ಹಣ ಸಂದದ್ದು ರೆಡ್ಡಿಂಗನ ಹಕ್ಕಿಗೆ. ಮೊದಲು ಹಾಡಿದ ಥಾರ್ನ್‌ಟನ್ನಳಿಗೂ ಇಲ್ಲ, ಮೀರಿ ಹಾಡಿದ ಫ್ರಾಂಕ್ಲಿನ್ನಳಿಗೂ ಇಲ್ಲ. ಇಬ್ಬರೂ ಹಾಡಿಗೆ ಪ್ರಾಣ ಕೊಟ್ಟವರು.

ಈ ಪಾಠವನ್ನು ಡಾಲಿ ಪಾರ್ಟನ್ ಚೆನ್ನಾಗಿ ಅರಿತಿದ್ದಳೆಂದು ತೋರುತ್ತದೆ. ತನ್ನ ಸಹಗಾಯಕನಾದ ಪೋರ್ಟರ್ ವ್ಯಾಗನರನಿಂದ ಬೇರೆಯಾಗುವಾಗ ಆಕೆ ಬರೆದು 1974ರಲ್ಲಿ ಹೊರತಂದ ವಿದಾಯಗೀತೆ 'ಐ ವಿಲ್ ಆಲ್ವೇಸ್ ಲವ್ ಯೂ'. ಅದನ್ನು ಪ್ರೀಸ್ಲಿ ಹಾಡಬಯಸಿದ. ಆದರೆ ಪ್ರಕಾಶನದ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಡಬೇಕೆಂದು ಆತನ ವ್ಯವಸ್ಥಾಪಕ ಕೇಳಿದ. ಪಾರ್ಟನ್ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಒಂದು ಚಲನಚಿತ್ರಕ್ಕಾಗಿ ಅದನ್ನು ಹಾಡಿ, ಮುದ್ರಿಕೆ 14 ವಾರ ಅಗ್ರಸ್ಥಾನದಲ್ಲಿ ನಿಂತಾಗ, ಕರ್ತೃವಿಗೆ ತನ್ನ ಪಾಲು ಪೂರ್ತಿಯಾಗಿ ಸಂದಿತು. ಕಲೆಯ ದೃಷ್ಟಿಯಿಂದ ನಮ್ಮ ಮತ ಮೂಲದ ಕಡೆಗೇ. ವಾದ್ಯದ ಆಸರೆಯಿಲ್ಲದೆ ಮೊದಲಾಗಿ ಶಿಖರಕ್ಕೇರುವ ಹ್ಯೂಸ್ಟನ್ನಳ ಕಂಠವೈಭವ ಅಸಾಧಾರಣವಾದದ್ದು. ಆದರೆ ಹೊಸಿಲಿನಲ್ಲಿ ನಿಂತು ಮೆಲ್ಲನೆ ಹೇಳುವ ವಿದಾಯಕ್ಕೆ ಪಾರ್ಟನ್ನಳ ಸಣ್ಣ ಧ್ವನಿಯೇ ತಕ್ಕುದು. ಅಲ್ಲಿ ದುಃಖ ಹೇಳಿಕೊಳ್ಳುತ್ತದೆ, ಇಲ್ಲಿ ಮೆರೆಯುತ್ತದೆ.

ಇನ್ನೊಂದು ಬಗೆಯ ಮರುಗಾನದಲ್ಲಿ ಮೂಲಕರ್ತೃವೇ ಶಿಷ್ಯನಾಗುತ್ತಾನೆ. ಬಾಬ್ ಡಿಲನ್ 1967ರ ಕೊನೆಯಲ್ಲಿ ಪ್ರಕಟಿಸಿದ 'ಆಲ್ ಅಲಾಂಗ್ ದ ವಾಚ್‌ಟವರ್' ಎರಡೂವರೆ ನಿಮಿಷದ ಹಾಡು. ಗಿಟಾರ್, ಮೌತಾರ್ಗನ್ನು, ಹಿಂದೆ ಮಿತವಾದ ತಾಳ, ಇಷ್ಟೇ. ಬೈಬಲ್ಲಿನ ಯೆಶಾಯನ ಪ್ರವಾದನೆಯ ಛಾಯೆ ಅದರಲ್ಲಿದೆ; ಬರಲಿರುವ ಬಿರುಗಾಳಿಯ ಸುದ್ದಿಯನ್ನು ಅದು ಒಣದನಿಯಲ್ಲಿ ಹೇಳಿ ನಿಲ್ಲಿಸುತ್ತದೆ. ಒಂದು ತಿಂಗಳು ತುಂಬುವ ಮೊದಲೇ, 1968ರ ಜನವರಿಯಲ್ಲಿ, ಲಂಡನ್ನಿನಲ್ಲಿ ಜಿಮಿ ಹೆಂಡ್ರಿಕ್ಸ್ ಅದನ್ನು ಮುದ್ರಿಸಲು ತೊಡಗಿದ. ಆತನ ನಾಲ್ಕು ನಿಮಿಷದ ಗಾನದಲ್ಲಿ ಬಿರುಗಾಳಿ ಸುದ್ದಿಯಾಗಿ ಉಳಿಯುವುದಿಲ್ಲ; ವಿದ್ಯುತ್ ಗಿಟಾರಿನ ಮೊರೆತದಲ್ಲಿ ನೇರವಾಗಿ ಬಂದೇ ಬೀಸುತ್ತದೆ. ಮಾತಿನಲ್ಲಿ ಅಡಗಿದ್ದುದನ್ನು ನಾದ ಹೊರಗೆ ತಂದಿತು. ಹೆಂಡ್ರಿಕ್ಸ್ 1970ರಲ್ಲಿ ತೀರಿಕೊಂಡ. ಮುಂದೆ ಡಿಲನ್ ಸಭೆಗಳಲ್ಲಿ ತನ್ನ ಹಾಡನ್ನು ಹೆಂಡ್ರಿಕ್ಸನ ರೀತಿಯನ್ನು ಅನುಸರಿಸಿಯೇ ಹಾಡುತ್ತ ಬಂದ. ಹಾಡುವಾಗಲೆಲ್ಲ ಅದು ಆತನಿಗೆ ಸಲ್ಲಿಸುವ ಕಾಣಿಕೆಯೆಂದು ತೋರುವುದಾಗಿ ಹೇಳಿದ. ಮೀರಿದುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಮೂರನೆಯ ಬಗೆ, ಹಾಡು ಹಲವರ ಕೈಯಲ್ಲಿ ಬೆಳೆಯುವುದು. ಲಿಯೊನಾರ್ಡ್ ಕೋಹೆನ್ ವರ್ಷಗಟ್ಟಲೆ ತಿದ್ದಿ, ಹತ್ತಾರು ಚರಣ ಬರೆದು, 1984ರಲ್ಲಿ ಹಾಡಿದ 'ಹಲ್ಲೆಲೂಯಾ' ಮೊದಲು ಯಾರ ಗಮನಕ್ಕೂ ಬೀಳಲಿಲ್ಲ; ಆತನ ಕಂಪನಿ ಆ ಮುದ್ರಿಕೆಯನ್ನು ಅಮೆರಿಕಾದಲ್ಲಿ ಹೊರತರಲೇ ಇಲ್ಲ. 1991ರಲ್ಲಿ ಜಾನ್ ಕೇಲ್ ಕವಿಯಿಂದ ಚರಣಗಳನ್ನು ತರಿಸಿ, ತನಗೆ ಬೇಕಾದವನ್ನು ಆರಿಸಿ, ಬರಿಯ ಪಿಯಾನೋ ಜೊತೆಯಲ್ಲಿ ಹಾಡಿದ. ಅದನ್ನು ಕೇಳಿ ಜೆಫ್ ಬಕ್ಲಿ 1994ರಲ್ಲಿ ಗಿಟಾರಿನೊಡನೆ ಹಾಡಿದ. ಮೂರು ವರ್ಷದ ಮೇಲೆ ನೀರಿನಲ್ಲಿ ಮುಳುಗಿ ಸತ್ತ. 2008ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದೇ ವಾರ ಅಲೆಕ್ಸಾಂಡ್ರಾ ಬರ್ಕಳ ಗಾನ ಮೊದಲನೆಯದು, ಬಕ್ಲಿಯದು ಎರಡನೆಯದು, ಕೋಹೆನ್ನನದು 36ನೆಯದು. ಸ್ಥಾನಗಳ ಮಾತಿರಲಿ, ಕೇಲನ ಆಯ್ಕೆಯಿಲ್ಲದಿದ್ದರೆ ಹಾಡು ಬಹುಶಃ ಕಪಾಟಿನಲ್ಲಿಯೇ ಉಳಿಯುತ್ತಿತ್ತು. ಬಕ್ಲಿಯ ಗಾನ ಕೋಹೆನ್ನನದಕ್ಕಿಂತ ಮೇಲೆಂದು ನಾವು ಎಣಿಸುತ್ತೇವೆ. ಆದರೆ ಆ ಗೆಲವಿನಲ್ಲಿ ಮೂವರಿಗೂ ಪಾಲುಂಟು.

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಮರುಗಾಯಕನಿಗೆ ಸಿದ್ಧವಾದ ಹಾಡು ದೊರೆಯುತ್ತದೆ. ಮೊದಲಿನವನು ಕಾಡು ಕಡಿದು ದಾರಿ ಮಾಡಿದವನು. ಇಬ್ಬರನ್ನೂ ಒಂದೇ ಅಳತೆಯಿಂದ ಅಳೆಯಬಹುದೆ? ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಸಿದ್ಧವಾದ ಹಾಡು ದೊರೆತಮಾತ್ರಕ್ಕೆ ಗೆಲವು ಬರುವುದಿಲ್ಲ. ಬೀಟಲ್ಸ್ ತಂಡದ 'ಯೆಸ್ಟರ್ಡೇ' 1965ರಲ್ಲಿ ಬಂದುದು. ಅದನ್ನು ಸಾವಿರಕ್ಕೂ ಹೆಚ್ಚು ಮಂದಿ ಪುನಃ ಹಾಡಿದ್ದಾರೆ. ಮೂಲವನ್ನು ಮೀರಿದೆಯೆಂದು ಎಲ್ಲರೂ ಒಪ್ಪುವ ಒಂದು ಮರುಗಾನ ಅವುಗಳಲ್ಲಿಲ್ಲ. ಮೂಲವು ತನ್ನ ಅರ್ಥವನ್ನು ತಾನೇ ಪೂರ್ತಿಯಾಗಿ ನುಡಿದುಬಿಟ್ಟಾಗ ಮರುಗಾಯಕನಿಗೆ ಉಳಿಯುವುದು ಅಲಂಕಾರ ಮಾತ್ರ. ರೆಡ್ಡಿಂಗನ ಹಾಡಿನಲ್ಲಿ ಹೆಂಗಸಿನ ಉತ್ತರ ಬಾಕಿಯಿತ್ತು. ಡಿಲನ್ನನ ಹಾಡಿನಲ್ಲಿ ಬಿರುಗಾಳಿ ಬಾಕಿಯಿತ್ತು. ಬಾಕಿಯಿದ್ದುದನ್ನು ಸಲ್ಲಿಸಿದವರು ಮೀರಿದರು.

ಆದುದರಿಂದ ನಮ್ಮ ಸಿದ್ಧಾಂತ ಹೀಗೆ. ಮರುಗಾನ ಮೂಲವನ್ನು ಮೀರಬಲ್ಲುದು. ಆದರೆ ಹೆಚ್ಚು ಮಾರಾಟವಾದುದರಿಂದಲ್ಲ, ಕಂಠ ದೊಡ್ಡದಾದುದರಿಂದಲ್ಲ. ಹಾಡಿನಲ್ಲಿದ್ದು ಮೊದಲಿನವರಿಗೆ ಕೇಳಿಸದೆ ಹೋದುದನ್ನು ಕೇಳಿಸಿದಾಗ ಮಾತ್ರ. ಮೀರಿದರೂ ಋಣ ತೀರುವುದಿಲ್ಲ. ಥಾರ್ನ್‌ಟನ್ 1984ರಲ್ಲಿ ತೀರಿಕೊಂಡಳು. ಆಕೆ ತಾನೇ ಬರೆದ 'ಬಾಲ್ ಅಂಡ್ ಚೈನ್' ಎಂಬ ಹಾಡೂ ಜಾನಿಸ್ ಜಾಪ್ಲಿನ್ ಎಂಬ ಬಿಳಿಯ ಗಾಯಕಿಯ ಕಂಠದಿಂದಲೇ ಲೋಕಕ್ಕೆ ತಿಳಿಯಿತು. ಇಂಥವರ ವಿಷಯದಲ್ಲಿ ಕಾಯಿದೆ ಮಾಡದ ಕೆಲಸವನ್ನು ಶ್ರೋತೃ ಮಾಡಬಹುದು. ಮರುಗಾನವೊಂದು ಮನಸ್ಸನ್ನು ಸೆಳೆದಾಗ, ಇದನ್ನು ಮೊದಲು ಹಾಡಿದವರು ಯಾರೆಂದು ಕೇಳಿ, ಆ ಮುದ್ರಿಕೆಯನ್ನೂ ಹುಡುಕಿ ಒಮ್ಮೆ ಕೇಳುವುದು. ಹಾಗೆ ಎರಡನ್ನೂ ಕೇಳಿದವನ ತೀರ್ಪು ಯಾವ ಪಕ್ಷಕ್ಕೆ ಬಿದ್ದರೂ ಅದು ನ್ಯಾಯವಾದ ತೀರ್ಪೇ ಸರಿ.