ಸವಳಿನಿಂದ ಸಬಕಾರಕ್ಕೆ: ಮಲಪ್ರಭೆಯ ಸೀಮೆಯಲ್ಲಿ ತೊಳೆಯುವ ವಸ್ತುಗಳ ಚರಿತ್ರೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಸೀಮೆಯ ಮಾತಿನಲ್ಲಿ ‘ಸವಳು’ ಎಂಬ ಶಬ್ದಕ್ಕೆ ಒಕ್ಕಲಿಗನ ಬಾಯಲ್ಲಿ ಒಂದು ಅರ್ಥ, ಮಡಿವಾಳನ ಬಾಯಲ್ಲಿ ಇನ್ನೊಂದು ಅರ್ಥ. ಕಾಲುವೆಯ ನೀರು ಮಿತಿಮೀರಿ ಹರಿದ ಎರೆಹೊಲದಲ್ಲಿ ಲವಣ ಮೇಲೇರಿ, ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳನೆಯ ಪದರು ಕಟ್ಟಿದರೆ, ಭೂಮಿ ‘ಸವಳು-ಜವಳು’ ಆಯಿತೆಂದು ರೈತ ಬೆಳೆಯ ಆಸೆ ಬಿಡುತ್ತಾನೆ. ಬಟ್ಟೆ ಒಗೆಯುವ ಕಸುಬಿನವರಿಗಾದರೋ ಅಂಥದೇ ನೆಲದಿಂದ ಕೆರೆದು ತಂದ ಮಣ್ಣು ಕೊಳೆ ಬಿಡಿಸುವ ಮುಖ್ಯ ಸಾಧನವಾಗಿತ್ತು. ಮಡಿವಾಳರು ಆರಿಸಿಕೊಳ್ಳುತ್ತಿದ್ದ ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಎಂಬ ಕ್ಷಾರ ಇರುತ್ತದೆ. ಕ್ಷಾರವೆಂದರೆ ಆಮ್ಲಕ್ಕೆ ಎದುರು ಗುಣದ, ನೀರಿನಲ್ಲಿ ಕರಗಿದಾಗ ಬೆರಳಿಗೆ ಜಾರುಜಾರಾಗಿ ತಗಲುವ, ಜಿಡ್ಡನ್ನು ಒಡೆಯುವ ಪದಾರ್ಥ. ಮನೆಯಲ್ಲಿ ಸಾಬೂನು ಎರೆದು ಸಂತೆಗೂ ಮಳಿಗೆಗೂ ಕಳಿಸಲು ಹೊರಡುವವರು ಇಂದು ಕೈಗೆತ್ತಿಕೊಳ್ಳುವ ಕಾಸ್ಟಿಕ್ ಸೋಡಾ ಈ ಸವಳಿನ ಕುಲದ್ದೇ ಆದರೂ ಅದರ ಬಲ ಬೇರೆಯ ತೂಕದ್ದು. ಸವಳಿನ ಜೊತೆ ತಲೆಮಾರುಗಳಿಂದ ಬೆಳೆದ ಸಲಿಗೆಯನ್ನು ಅದರ ಜೊತೆ ತೋರುವಂತಿಲ್ಲ.

ಮಡಿವಾಳರು ಬಟ್ಟೆ ಬಿಳುಪು ಮಾಡುತ್ತಿದ್ದ ಕ್ರಮಕ್ಕೆ ‘ಉಬ್ಬೆ’ ಎಂದು ಹೆಸರು. ಸವಳು ಮಣ್ಣು ಕದಡಿದ ನೀರಿನಲ್ಲಿ ಬಟ್ಟೆಗಳನ್ನು ಅದ್ದಿ, ಹಿಂಡಿ, ದೊಡ್ಡ ಹರವಿಯ ಬಾಯಿಯ ಮೇಲೆ ಸುತ್ತುಸುತ್ತಾಗಿ ಒಟ್ಟಿ, ಕೆಳಗೆ ಕುದಿಯುವ ನೀರಿನ ಹಬೆ ಇರುಳೆಲ್ಲ ಅವುಗಳ ಎಳೆಎಳೆಗೆ ಏರುವಂತೆ ಮಾಡಿ, ನಸುಕಿನಲ್ಲಿ ಹೊಳೆಗೆ ಹೊತ್ತೊಯ್ದು ಕಲ್ಲಿನ ಮೇಲೆ ಒಗೆಯುತ್ತಿದ್ದರು. ರಸಾಯನದ ಕಣ್ಣಿನಿಂದ ನೋಡಿದರೆ ಇಲ್ಲಿ ನಡೆಯುತ್ತಿದ್ದುದು ಬೆರಗಿನ ಸಂಗತಿ: ಬಿಸಿಯಲ್ಲಿ ಕ್ಷಾರವು ಬಟ್ಟೆಗೆ ಹತ್ತಿದ ಮೈಯ ಜಿಡ್ಡನ್ನು ಕೂಡಿ, ಆ ಜಿಡ್ಡಿನ ಒಂದು ಪಾಲನ್ನು ಅಲ್ಲಿಯೇ ಸಾಬೂನಾಗಿ ಮಾರ್ಪಡಿಸುತ್ತಿತ್ತು. ಹಾಗಾಗಿ ಸಾಬೂನಿನ ಗಟ್ಟಿಯನ್ನು ಕಾಣುವ ಮೊದಲೇ ಈ ಸೀಮೆಯ ಮಡಿವಾಳರು ಸಾಬೂನಿನ ಕೆಲಸವನ್ನು ಹರವಿಯ ಮೇಲೆ ಮಾಡಿಸಿಕೊಂಡಿದ್ದರು ಎನ್ನುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ, ಕೆಂಪು ಮರಳುಗಲ್ಲಿನ ಬಂಡೆಗಳ ನೆರಳಿನಲ್ಲಿ ಬಟ್ಟೆ ಬಡಿಯುವ ಸದ್ದು ಕೇಳಿದವರಿಗೆ ಆ ಕಸುಬಿನ ದೈಹಿಕ ದುಡಿಮೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಈ ದುಡಿಮೆಗೆ ಗೌರವದ ಸ್ಥಾನ ದೊರೆತುದು ಹನ್ನೆರಡನೆಯ ಶತಮಾನದ ಶರಣರಲ್ಲಿ. ನೆರೆಯ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನವರು ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುವುದನ್ನು ಕಾಯಕವಾಗಿ ನಡೆಸಿದರು, ಮತ್ತು ಅವರನ್ನು ಹಿರಿಯರೆಂದು ಕಂಡ ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಹುನಗುಂದದ ಸೀಮೆಯಲ್ಲೇ ಇದೆ.

ಎಲ್ಲ ಬಟ್ಟೆಯೂ ಸವಳನ್ನು ತಾಳುವುದಿಲ್ಲ. ಹತ್ತಿ ಕ್ಷಾರವನ್ನು ಸಹಿಸುತ್ತದೆ, ರೇಷ್ಮೆ ಸಹಿಸದು. ಮೈ ಹತ್ತಿಯದಾಗಿ ಸೆರಗು ರೇಷ್ಮೆಯದಾಗಿ, ಎರಡರ ಹಾಸುಗಳನ್ನು ‘ಕೊಂಡಿ’ ಎಂಬ ಕುಣಿಕೆಗಳಿಂದ ಎಳೆಗೆಳೆ ಕೂಡಿಸಿ ನೇಯುವ ಇಳಕಲ್ ಸೀರೆಗೆ ಈ ಭೇದ ಬಹಳ ಮುಖ್ಯ. ಅದಕ್ಕಾಗಿಯೇ ಒಳ್ಳೆಯ ಸೀರೆಯನ್ನು ಅಂಟುವಾಳ ಕಾಯಿಯ ನೀರಿನಲ್ಲಿ ಜಾಲಿಸುವ ರೂಢಿ ಮನೆಮನೆಯಲ್ಲಿ ಉಳಿದುಬಂತು. ಅಂಟುವಾಳದಲ್ಲಿಯೂ ಸೀಗೆಯಲ್ಲಿಯೂ ಇರುವ ಸಪೋನಿನ್ ಎಂಬ ಪದಾರ್ಥ ಕ್ಷಾರದ ನೆರವಿಲ್ಲದೆ ನೊರೆ ಕೊಡುತ್ತದೆ. ಆದರೆ ರೇಷ್ಮೆಯ ಕೆಲಸಕ್ಕೂ ಕ್ಷಾರವನ್ನು ಪೂರ್ತಿ ದೂರವಿಡಲಾಗದು: ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಸೆರಿಸಿನ್ ಎಂಬ ಅಂಟು ಇರುವುದರಿಂದ, ಬಣ್ಣ ಹಿಡಿಯಬೇಕಾದರೆ ಮೊದಲು ಸೌಮ್ಯ ಕ್ಷಾರದ ಅಥವಾ ಸಾಬೂನಿನ ಬಿಸಿನೀರಿನಲ್ಲಿ ಆ ಅಂಟನ್ನು ಬಿಡಿಸಬೇಕು. ಕ್ಷಾರ ಕಡಿಮೆಯಾದರೆ ಅಂಟು ಉಳಿದು ಬಣ್ಣ ಏರದು, ಹೆಚ್ಚಾದರೆ ಎಳೆಯೇ ಸವೆದು ಹೊಳಪು ಹೋಗುತ್ತದೆ. ಈ ಎರಡರ ನಡುವಿನ ಹದವನ್ನು ಬಣ್ಣಗಾರರು ಕೈಯಿಂದ, ಕಣ್ಣಿನಿಂದ ಅರಿತುಕೊಂಡಿದ್ದರು. ಸಾಬೂನು ಎರೆಯುವವರಿಗೆ ಬೇಕಾದುದೂ ಇದೇ ಹದ, ಆದರೆ ಅದನ್ನು ಕಾಣುವ ಸಾಧನ ಕೈಯಲ್ಲ, ತಕ್ಕಡಿ.

ಗಟ್ಟಿ ಸಾಬೂನು ಈ ಊರುಗಳಿಗೆ ಪೇಟೆಯ ಸರಕಾಗಿ ಬಂತು. ಸಾಬೂನು ಎಂಬ ಶಬ್ದ ಅರಬ್ಬಿ ಮೂಲದ್ದು; ಉತ್ತರ ಕರ್ನಾಟಕದ ಆಡುಮಾತಿನ ‘ಸಬಕಾರ’ ಅದರ ಬಳಗದ್ದೇ ಆಗಿದ್ದು, ಕೊನೆಯ ಸದ್ದಿನಲ್ಲಿ ‘ಖಾರ’ವನ್ನು, ಅಂದರೆ ಕ್ಷಾರವನ್ನು, ನೆನಪಿಗೆ ತರುತ್ತದೆ. ಲೀವರ್ ಕಂಪನಿಯ ಸನ್‌ಲೈಟ್ ಸಾಬೂನು ಇಂಗ್ಲೆಂಡಿನಿಂದ ಕಲ್ಕತ್ತೆಗೆ ಬಂದಿಳಿದದ್ದು 1888ರಲ್ಲಿ. ಅದೇ ದಶಕದಲ್ಲಿ ಹೊಟಗಿಯಿಂದ ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿಗೆ ರೈಲು ಹಳಿ ಬಿದ್ದಿತ್ತಾದ್ದರಿಂದ ದೂರದ ಬಂದರಿನ ಸರಕು ಈ ಪೇಟೆಗಳಿಗೆ ತಲುಪುವ ದಾರಿ ಸಿದ್ಧವಾಗಿತ್ತು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆ ಇಳಿಸಲು ತೊಡಗಿ, 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ತಯಾರಿಸಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಸೋಸಲೆ ಗರಳಪುರಿ ಶಾಸ್ತ್ರಿಗಳು ಮೈಸೂರ್ ಸ್ಯಾಂಡಲ್ ಸಾಬೂನಿನ ಪರಿಮಳವನ್ನು ರೂಪಿಸಿದರು. ಆ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು, 1956ರವರೆಗೂ ಅವುಗಳ ಆಡಳಿತ ಮುಂಬಯಿಯ ಕಡೆಗೇ ಇತ್ತು. ಸಾಬೂನು ತಯಾರಿಕೆಯನ್ನು ರಸಾಯನಶಾಲೆಯ ಶಿಸ್ತಿಗೆ ತಂದ ಮೈಸೂರಿನ ಪ್ರಯೋಗ ಇಲ್ಲಿಯವರಿಗೆ ನೆರೆಯ ರಾಜ್ಯದ ಸುದ್ದಿಯಾಗಿತ್ತು.

ಕಾನೂನಿನ ಚರಿತ್ರೆಯಲ್ಲಿ ಸಾಬೂನಿನ ಸ್ಥಾನ ತಡವಾಗಿ ನಿಶ್ಚಯವಾಯಿತು. 1940ರ ಔಷಧ ಕಾಯ್ದೆಗೆ 1962ರ ತಿದ್ದುಪಡಿಯಿಂದ ಪ್ರಸಾಧನ ಸಾಮಗ್ರಿಗಳು, ಅಂದರೆ ಮೈಯನ್ನು ಶುಚಿ ಮಾಡಲು ಅಥವಾ ಚೆಲುವುಗೊಳಿಸಲು ಹಚ್ಚುವ ವಸ್ತುಗಳು, ಸೇರಿದಾಗ ಆ ವ್ಯಾಖ್ಯೆಯಿಂದ ಸಾಬೂನನ್ನು ಹೊರಗಿಡಲಾಗಿತ್ತು. ಹೊರಗಿಟ್ಟ ಆ ಮಾತನ್ನು 1982ರ ತಿದ್ದುಪಡಿ ಕಿತ್ತುಹಾಕಿ, 1983ರ ಫೆಬ್ರವರಿಯಿಂದ ಮೈ ತೊಳೆಯುವ ಸಾಬೂನು ಕೂಡ ಪರವಾನಗಿ ಬೇಕಾದ ವಸ್ತುವಾಯಿತು. 2020ರ ಡಿಸೆಂಬರಿನಲ್ಲಿ ಹೊರಬಂದ ಪ್ರಸಾಧನ ಸಾಮಗ್ರಿಗಳ ನಿಯಮಗಳು ಇಂದು ಅದನ್ನು ಆಳುತ್ತವೆ. ಮನೆಯಲ್ಲಿ ತಯಾರಿಸಿ ಮಾರಲು ಹೊರಡುವವರು ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಕಾಯ್ದೆಯ ಪ್ರಕಾರ ‘ತಯಾರಿಕೆ’ ಎಂದರೆ ಎಣ್ಣೆ ಮತ್ತು ಕಾಸ್ಟಿಕ್ ಕೂಡಿಸುವುದಷ್ಟೇ ಅಲ್ಲ. ಮಾರುವ ಉದ್ದೇಶದಿಂದ ರೂಪ ಬದಲಿಸುವುದು, ಹೊದಿಕೆ ಹಾಕುವುದು, ಚೀಟಿ ಹಚ್ಚುವುದು ಕೂಡ ತಯಾರಿಕೆಯೇ. ಪೇಟೆಯಿಂದ ತಂದ ಸಾಬೂನಿನ ಗಟ್ಟಿಯನ್ನು ಕರಗಿಸಿ, ಬೇವಿನ ಪುಡಿ ಬೆರೆಸಿ, ಅಚ್ಚಿಗೆ ಹೊಯ್ಯುವ ಸ್ವಸಹಾಯ ಸಂಘವೂ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಪಡೆಯಬೇಕು, ಮತ್ತು ಕೆಲಸವು ಔಷಧಶಾಸ್ತ್ರ ಅಥವಾ ರಸಾಯನಶಾಸ್ತ್ರ ಓದಿದ ಒಬ್ಬರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಸ್ವಂತ ತಯಾರಿಕಾ ಕೋಣೆ ಕಟ್ಟಲಾಗದವರಿಗೆ, ಪರವಾನಗಿ ಇರುವ ಇನ್ನೊಬ್ಬರ ಘಟಕದಲ್ಲಿ ತಮ್ಮ ಹೆಸರಿನ ಸಾಬೂನು ಮಾಡಿಸಿಕೊಳ್ಳುವ ‘ಲೋನ್ ಲೈಸೆನ್ಸ್’ ಎಂಬ ದಾರಿಯನ್ನೂ ನಿಯಮಗಳು ಇಟ್ಟಿವೆ.

ಇಷ್ಟೊಂದು ಕಟ್ಟುಪಾಡು ಗುಡಿಕೈಗಾರಿಕೆಯ ಮೇಲೆ ಏಕೆ ಎಂಬ ಪ್ರಶ್ನೆಗೆ ಉತ್ತರ ಎಣ್ಣೆಯಲ್ಲಿಯೇ ಇದೆ. ಪ್ರತಿಯೊಂದು ಎಣ್ಣೆಯೂ ಪೂರ್ತಿ ಸಾಬೂನಾಗಲು ತನ್ನದೇ ಪ್ರಮಾಣದ ಕಾಸ್ಟಿಕ್ ಬೇಡುತ್ತದೆ: ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ, ಒಂದು ಕಿಲೋ ಕುಸುಬಿ ಎಣ್ಣೆಗೆ ಸುಮಾರು 136 ಗ್ರಾಂ, ಔಡಲ ಎಣ್ಣೆಗೆ ಸುಮಾರು 128 ಗ್ರಾಂ. ಕರಾವಳಿಯವರೊಬ್ಬರು ಕೊಬ್ಬರಿ ಎಣ್ಣೆಗೆ ಬರೆದ ಅಳತೆಯನ್ನು ಹುನಗುಂದದ ಗಾಣದ ಕುಸುಬಿ ಎಣ್ಣೆಗೆ ಹಾಗೆಯೇ ಹಚ್ಚಿದರೆ, ಕಿಲೋ ಒಂದಕ್ಕೆ 47 ಗ್ರಾಂ ಕಾಸ್ಟಿಕ್ ಕೂಡದೆ ಉಳಿದು, ನೋಡಲು ಚೆಂದದ ಬಿಲ್ಲೆಯೇ ಮಗುವಿನ ಚರ್ಮವನ್ನು ಸುಡುತ್ತದೆ. ಸವಳು ಮಣ್ಣು ಒಂದು ಹಿಡಿ ಹೆಚ್ಚಾದರೆ ಅಂಗೈ ಒಡೆಯಬಹುದಿತ್ತು, ಅಷ್ಟೆ. ಕಾಸ್ಟಿಕ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಬಲ್ಲವರು ಎಣ್ಣೆ ಬೇಡುವ ಪ್ರಮಾಣಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ ಕಾಸ್ಟಿಕ್ ಹಾಕಿ, ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಲೋಟದಿಂದ ಅಳೆಯದೆ ಗ್ರಾಂ ತೋರಿಸುವ ತಕ್ಕಡಿಯಿಂದ ತೂಗುತ್ತಾರೆ. ನೀರಿಗೆ ಕಾಸ್ಟಿಕ್ ಹಾಕುತ್ತಾರೆಯೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯುವುದಿಲ್ಲ, ಏಕೆಂದರೆ ಕರಗುವಾಗ ಏಳುವ ಕಾವಿಗೆ ನೀರು ಒಮ್ಮೆಲೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದು, ಉರಿ ಹತ್ತುವ ಹೈಡ್ರೋಜನ್ ಅನಿಲ ಹೊರಬಿಡುವುದರಿಂದ ಸ್ಟೀಲ್ ಪಾತ್ರೆಯೇ ಬೇಕು, ಮತ್ತು ಆ ಪಾತ್ರೆ ಅಡುಗೆಮನೆಗೆ ಮರಳಿ ಹೋಗಬಾರದು.

ಈ ಸೀಮೆಯ ಎಣ್ಣೆ ಮತ್ತು ನೀರು ಇನ್ನೆರಡು ತೊಡಕುಗಳನ್ನು ತರುತ್ತವೆ. ಕುಸುಬಿ ಎಣ್ಣೆ ಊಟಕ್ಕೆ ಎಷ್ಟು ಹಿತವೋ ಸಾಬೂನಿಗೆ ಅಷ್ಟು ಒಗ್ಗದು: ಅದೊಂದರಿಂದಲೇ ಎರೆದ ಬಿಲ್ಲೆ ಮೆತ್ತಗಾಗಿ, ಬೇಗ ಕಮಟು ಹಿಡಿದು, ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುತ್ತವೆ. ಸುಣ್ಣಕಲ್ಲಿನ ನೆಲದ ಕೊಳವೆಬಾವಿ ನೀರಿನಲ್ಲಿ ಸಾಬೂನು ನೊರೆ ಕಟ್ಟದೆ ಬಿಳಿ ಗಸಿಯಾಗುತ್ತದೆ. ಗಡಸು ನೀರಿನಲ್ಲೂ ನೊರೆ ಕೊಡುವುದು ಕೊಬ್ಬರಿ ಎಣ್ಣೆಯ ಸಾಬೂನು. ಹೀಗಾಗಿ ಊರಿನ ಎಣ್ಣೆಯ ಜೊತೆ ಹೊರಗಿನ ಕೊಬ್ಬರಿ ಎಣ್ಣೆ ಬೆರೆಸುವುದು ಅನಿವಾರ್ಯ, ಬೆರಕೆ ಬದಲಾದಾಗಲೆಲ್ಲ ಕಾಸ್ಟಿಕ್ ಲೆಕ್ಕವನ್ನು ಹೊಸದಾಗಿ ಹಾಕುವುದೂ ಅನಿವಾರ್ಯ. ಬಣ್ಣದ ವಿಷಯದಲ್ಲಿ ಇಳಕಲ್ಲಿನಂಥ ಊರಿಗೆ ವಿಶೇಷ ಎಚ್ಚರ ಬೇಕು. ನೂಲಿಗೆ ಹಾಕುವ ಬಣ್ಣ ಅಲ್ಲಿ ಸುಲಭವಾಗಿ ಕೈಗೆ ಸಿಗುತ್ತದೆಯಾದರೂ, ಮೈಗೆ ತಾಗುವ ವಸ್ತುವಿಗೆ ಭಾರತೀಯ ಮಾನಕ ಬ್ಯೂರೋದ ಪಟ್ಟಿಯಲ್ಲಿ ಒಪ್ಪಿಗೆ ಪಡೆದ ಬಣ್ಣಗಳನ್ನು ಮಾತ್ರ ಬಳಸಬಹುದು. ಸೀಸ ಅಥವಾ ಪಾಷಾಣದ ಸಂಯುಕ್ತಗಳನ್ನು ಬಣ್ಣಕ್ಕಾಗಿ ಸೇರಿಸುವುದನ್ನು ನಿಯಮ ನಿಷೇಧಿಸಿದೆ.

ಊರೊಳಗಿನ ಸಣ್ಣ ತಯಾರಿಕೆಯೂ ಬರೆದಿಟ್ಟ ಮಾನಕಕ್ಕೆ ತಕ್ಕಂತೆ ನಡೆಯಬಲ್ಲದು ಎಂಬುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆ ಸಮೀಪದ ತುಳಸಿಗೇರಿಯಲ್ಲಿ ನೇಯುವ ಖಾದಿ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ರಾಷ್ಟ್ರಧ್ವಜವಾಗುತ್ತದೆ. ಧ್ವಜದ ಬಟ್ಟೆಯ ಎಳೆ, ತೂಕ, ಬಣ್ಣಗಳಿಗೆಲ್ಲ ಮಾನಕ ಸಂಸ್ಥೆ ಗೊತ್ತುಪಡಿಸಿದ ಅಳತೆಗಳಿದ್ದು, ಆ ಮಾನಕದ ಸಂಖ್ಯೆಯೇ 1. ಇನ್ನೂ ಹಿಂದಕ್ಕೆ ಹೋದರೆ, ಮಲಪ್ರಭೆಯ ದಂಡೆಯ ಐಹೊಳೆಯ ಹೆಸರನ್ನು ದಕ್ಷಿಣ ಭಾರತದುದ್ದಕ್ಕೂ ಒಯ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ತನ್ನನ್ನು ವೀರಬಣಂಜು ಧರ್ಮದ, ಅಂದರೆ ವ್ಯಾಪಾರಿಗಳ ನಡತೆಯ ಕಟ್ಟಳೆಯ, ಪಾಲಕನೆಂದು ಶಾಸನಗಳಲ್ಲಿ ಕರೆದುಕೊಂಡಿದೆ. ಅಪರಿಚಿತರೊಡನೆ ವ್ಯಾಪಾರ ಮಾಡುವವರಿಗೆ ಒಂದು ಬಹಿರಂಗ ಕಟ್ಟಳೆ ಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಸಂತೆಯಲ್ಲಿ ಕೊಳ್ಳುವವರಿಗೆ ಮಾರುವವರ ಮನೆತನ ಗೊತ್ತಿದ್ದ ಕಾಲದಲ್ಲಿ ಪರಿಚಯವೇ ಹೊಣೆಗಾರಿಕೆಯಾಗಿತ್ತು. ಸಾಬೂನು ಬಾಗಲಕೋಟೆಯಿಂದ ಪುಣೆಗೆ ಹೋಗುವಾಗ ಆ ಪರಿಚಯವನ್ನು ಹೊತ್ತೊಯ್ಯಬೇಕಾದುದು ಚೀಟಿ.

ಆ ಚೀಟಿಯ ಮೇಲೆ ಸಾಬೂನಿನ ಹೆಸರು, ತಯಾರಿಸಿದವರ ಹೆಸರು ಮತ್ತು ಪೂರ್ಣ ವಿಳಾಸ, ಪರವಾನಗಿ ಸಂಖ್ಯೆ, ಬಳಸಿದ ಪದಾರ್ಥಗಳು, ಬಳಕೆಯ ಅವಧಿ, ನಿವ್ವಳ ತೂಕ ಮತ್ತು ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಇರಬೇಕು. ತೂಕದ ಮಾತು ಕಂಡಷ್ಟು ಸರಳವಲ್ಲ: ಎರೆದ ಸಾಬೂನನ್ನು ಕೊಯ್ದು ನಾಲ್ಕರಿಂದ ಆರು ವಾರ ಗಾಳಿಗೆ ಮಾಗಲು ಇಡುವಾಗ ನೀರು ಆರಿ ಬಿಲ್ಲೆ ಹಗುರಾಗುತ್ತಾ ಹೋಗುತ್ತದೆ, ಕೊಯ್ದ ದಿನದ 100 ಗ್ರಾಮನ್ನೇ ಚೀಟಿಯ ಮೇಲೆ ಅಚ್ಚು ಹಾಕಿಸಿದವರು ತಿಳಿಯದೆಯೇ ಗಿರಾಕಿಗೆ ಕಡಿಮೆ ತೂಗಿದಂತಾಗುತ್ತದೆ. ಬೇವು, ಅರಿಶಿನ ಹಾಕಿದ ಮಾತ್ರಕ್ಕೆ ಕಜ್ಜಿ, ಇಸುಬು ವಾಸಿಯಾಗುತ್ತದೆಂದು ಬರೆಯುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ರೋಗ ಗುಣಪಡಿಸುತ್ತೇನೆಂದ ಕ್ಷಣಕ್ಕೆ ಸಾಬೂನು ಕಾನೂನಿನ ಕಣ್ಣಿನಲ್ಲಿ ಔಷಧವಾಗಿ, ಅದಕ್ಕೆ ಬೇರೆಯೇ ಪರವಾನಗಿ ಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮಾತನ್ನು ನಂಬಿದ ರೋಗಿ ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾನೆ.

ಸಾಬೂನಿನ ಮಟ್ಟಿಗೆ ಬ್ಯಾಚ್ ಸಂಖ್ಯೆಯ ಬದಲು ತಯಾರಿಸಿದ ತಿಂಗಳು ಮತ್ತು ವರ್ಷ ಬರೆದರೆ ಸಾಕೆಂದು ನಿಯಮ ರಿಯಾಯಿತಿ ಕೊಟ್ಟಿದೆ. ಮನೆಯ ತಯಾರಕರು ಈ ರಿಯಾಯಿತಿಗೆ ನಿಲ್ಲದೆ, ಪ್ರತಿ ಎರಕಕ್ಕೂ ವಹಿಯ ಒಂದು ಪುಟ ತೆಗೆದು, ಯಾವ ಎಣ್ಣೆ ಎಷ್ಟು, ಕಾಸ್ಟಿಕ್ ಎಷ್ಟು, ನೀರು ಎಷ್ಟು, ಎರೆದ ದಿನ ಯಾವುದು, ಬಿಲ್ಲೆಗಳು ಯಾವ ಅಂಗಡಿಗೆ ಹೋದವು ಎಂಬುದನ್ನು ಬರೆದಿಡಬೇಕು. ಯಾರದೋ ಮನೆಯಲ್ಲಿ ಮೈ ಉರಿಯಿತೆಂಬ ದೂರು ಬಂದ ದಿನ, ಅದೇ ಎರಕದ ಉಳಿದ ಬಿಲ್ಲೆಗಳನ್ನು ಹುಡುಕಿ ಹಿಂದಕ್ಕೆ ತರಿಸಲು ಆ ಪುಟ ಬೇಕಾಗುತ್ತದೆ.